ವಾಪಸು ಪಡೆದ ವಂದನೆ

ಹೊರನಾಡಿನ ನಮ್ಮ ಕನ್ನಡ ಬಳಗದ ಸಮಾರಂಭಗಳಲ್ಲಿ ವಂದನಾರ್ಪಣೆ ಯಾರಿಗೂ ಬೇಡವಾದ ಕೆಲಸ. ಸ್ವಾಗತ ಭಾಷಣಕ್ಕೆ ಜನ ಹೊಸ ರೇಷ್ಮೆ ಸೀರೆ ಉಟ್ಟು ಮುಂದೆ ಬರುತ್ತಾರೆ, ನಿರೂಪಣೆಗಂತೂ ಒಳಗೊಳಗೇ ಪೈಪೋಟಿ ನಡೆಯುತ್ತದೆ. ಆದರೆ ವಂದನಾರ್ಪಣೆಯ ಹೊತ್ತಿಗೆ, ಬಾಡಿಗೆಗೆ ಹಿಡಿದ ಶಾಲೆಯ ಕೆಫೆಟೀರಿಯಾದಿಂದ ಬಿಸಿಬೇಳೆ ಭಾತಿನ ವಾಸನೆ ಸಭಾಂಗಣದೊಳಕ್ಕೆ ನುಗ್ಗಿ, ಕೂತವರೆಲ್ಲ ಅರ್ಧ ಎದ್ದು, ಮಕ್ಕಳು ಆಗಲೇ ಪೇಪರ್ ತಟ್ಟೆ ಹಿಡಿದು ಸಾಲುಗಟ್ಟಿರುತ್ತಾರೆ. ಮೈಕಿನ ಮುಂದೆ ಚೀಟಿ ಹಿಡಿದು ನಿಂತವಳ ಮಾತಿಗೆ ಕಿವಿಗೊಡುವವರು, ಆ ಚೀಟಿಯಲ್ಲಿ ತಮ್ಮ ಹೆಸರಿದೆಯೋ ಇಲ್ಲವೋ ಎಂದು ಕಾಯುವವರು ಮಾತ್ರ. ಎಷ್ಟೋ ವರ್ಷಗಳಿಂದ ಆ ಚೀಟಿ ನನ್ನ ಕೈಗೇ ಬರುತ್ತಿದೆ. ಆಕೆ ಯಾರನ್ನೂ ಬಿಡುವುದಿಲ್ಲ ಎಂಬುದು ಇಲ್ಲಿ ನನಗಿರುವ ಒಂದೇ ಒಂದು ಖ್ಯಾತಿ.

ಆ ಖ್ಯಾತಿಯೂ ಪುಕ್ಕಟೆ ಬಂದದ್ದಲ್ಲ. ಒಂದು ಯುಗಾದಿಯಲ್ಲಿ ಬಾಸ್ಕಿಂಗ್ ರಿಡ್ಜಿನ ಆಂಟಿಯೊಬ್ಬರು ಇನ್ನೂರು ಜನಕ್ಕೆ ಆಗುವಷ್ಟು ಕೋಸಂಬರಿ ಮಾಡಿ ತಂದಿದ್ದರು. ಪ್ರಾಯೋಜಕರ, ಪದಾಧಿಕಾರಿಗಳ, ಧ್ವನಿವರ್ಧಕದವರ ಹೆಸರನ್ನೆಲ್ಲ ಹೇಳಿದ ನಾನು ಅವರ ಹೆಸರೊಂದನ್ನು ಮರೆತೆ. ಎರಡು ವರ್ಷ ಅವರು ನನ್ನೊಡನೆ ಮಾತಾಡಲಿಲ್ಲ. ಐಸೆಲಿನ್ನಿನ ಓಕ್ ಟ್ರೀ ರೋಡಿನ ಭಾರತೀಯ ಅಂಗಡಿಯಲ್ಲಿ ಎದುರಾದರೆ ಸೌತೆಕಾಯಿ ಆರಿಸುವ ನೆಪದಲ್ಲಿ ಬೆನ್ನು ತಿರುಗಿಸಿಬಿಡುತ್ತಿದ್ದರು. ಅಂದಿನಿಂದ ಕುರ್ಚಿ ಹಾಕಿದವರು, ರಂಗೋಲಿ ಬಿಡಿಸಿದವರು, ಪಾರ್ಕಿಂಗ್ ಜಾಗ ತೋರಿಸುತ್ತ ಚಳಿಯಲ್ಲಿ ನಿಂತವರು, ಎಲ್ಲರ ಹೆಸರನ್ನೂ ಅವರವರ ಕೆಲಸದ ಜೊತೆಗೇ ಬರೆದುಕೊಳ್ಳುವ ಅಭ್ಯಾಸ ನನಗಾಯಿತು. ಒಳ್ಳೆಯ ಅಭ್ಯಾಸ ಎಂದೇ ನಂಬಿದ್ದೆ, ನೀವೂ ನಂಬುತ್ತಿದ್ದಿರಿ.

ಈಗ ನನ್ನ ಉದ್ಯೋಗದ ಮಾತು. ಬಹುಕಾಲ ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೈಪಿಡಿಗಳನ್ನು ಬರೆಯುತ್ತಿದ್ದೆ. ಲೇಆಫ್ ಆಯಿತು, ಮನೆಯಲ್ಲಿ ಒಂದಷ್ಟು ತಿಂಗಳು ಕೂತೆ, ಆಮೇಲೆ ಮ್ಯಾನ್‌ಹ್ಯಾಟನ್ನಿನ ಪೂರ್ವದ ಅಂಚಿನಲ್ಲಿ, ನದಿಗೆ ಹತ್ತಿರದ ಒಂದು ಪುಟ್ಟ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅದು ಯುರೋಪಿನ ಒಂದು ದೇಶದ ರಾಜಕೀಯ ಪಕ್ಷಕ್ಕೆ ಸೇರಿದ ಪ್ರತಿಷ್ಠಾನ. ಆ ದೇಶದಲ್ಲಿ ಪಕ್ಷಗಳಿಗೆ ಹೀಗೊಂದು ಪ್ರತಿಷ್ಠಾನ ಇಟ್ಟುಕೊಳ್ಳುವ ರೂಢಿಯಿದೆಯಂತೆ. ಪಕ್ಷ ಮತ ಕೇಳುತ್ತದೆ. ಪ್ರತಿಷ್ಠಾನ ಮತ ಕೇಳುವಂತಿಲ್ಲ, ಆದರೆ ಬೇರೆ ಬೇರೆ ದೇಶಗಳಲ್ಲಿ ಮತ ಹಾಕುವುದು ಹೇಗೆ, ಎಣಿಸುವುದು ಹೇಗೆ, ಸಭೆ ಕರೆಯುವುದು ಹೇಗೆ, ನಗರಸಭೆಯನ್ನು ಪ್ರಶ್ನೆ ಕೇಳುವುದು ಹೇಗೆ ಎಂದು ಹೇಳಿಕೊಡುತ್ತದೆ. ಅದರ ಪಾಠಗಳನ್ನೂ ವರದಿಗಳನ್ನೂ ಇಂಗ್ಲಿಷಿನಲ್ಲಿ ತಿದ್ದಿ ತೀಡುವುದು ನನ್ನ ಕೆಲಸ. ನಾವಿರುವ ಓಲ್ಡ್ ಬ್ರಿಡ್ಜಿನಿಂದ ರೂಟ್ ನೈನಿನ ಬಸ್ಸು ಹಿಡಿದು ಕಮ್ಯೂಟ್ ಮಾಡುವ ಒಂದೂವರೆ ಗಂಟೆಯಲ್ಲಿ ನಾನು ಪ್ರಜಾಪ್ರಭುತ್ವದ ಕಾಗುಣಿತ ತಿದ್ದುತ್ತಿದ್ದೆ.

ನಮ್ಮವರು, ಅಂದರೆ ನನ್ನ ಗಂಡ, ಧಾರವಾಡದ ಕಡೆಯವರು, ಚೇಷ್ಟೆಗೆ ಬಿಡುವಿಲ್ಲದವರು. ಮಂದಿ ಮನೀ ಸಾರಿಗೆ ಉಪ್ಪು ಹಾಕೋ ಕೆಲಸ ಸಿಕ್ಕೈತಿ ನಿನಗ ಎಂದು ಛೇಡಿಸುತ್ತಿದ್ದರು. ನನಗೂ ಒಳಗೊಂದು ಅಳುಕು ಇತ್ತೆಂದು ಒಪ್ಪಿಕೊಳ್ಳಬೇಕು. ಒಂದು ದೇಶದ ಪಕ್ಷ ಇನ್ನೊಂದು ದೇಶದ ಊರಿಗೆ ಹೋಗಿ ಪಾಠ ಹೇಳುವುದೆಂದರೇನು, ಯಾರು ಕರೆದರು ಇವರನ್ನು, ನಮ್ಮ ಗದಗಿಗೋ ಹಾವೇರಿಗೋ ಯಾವುದೋ ದೇಶದ ಪಕ್ಷದವರು ಬಂದು ಪುರಸಭೆಯ ಕಲಾಪ ಹೀಗಿರಲಿ ಎಂದಿದ್ದರೆ ನಾವು ಸುಮ್ಮನಿರುತ್ತಿದ್ದೆವೆ, ಎಂದೆಲ್ಲ ಬಸ್ಸಿನ ಕಿಟಕಿಗೆ ಹಣೆ ಆನಿಸಿ ಯೋಚಿಸಿದ್ದುಂಟು. ಆದರೆ ಆ ಪಾಠಗಳನ್ನು ಓದುತ್ತ ಹೋದಂತೆ ಅಳುಕು ಕರಗುತ್ತಿತ್ತು. ಚುನಾವಣೆಯಲ್ಲಿ ಸೋತವರು ಮರುದಿನ ಬೆಳಿಗ್ಗೆ ಏನು ಮಾತಾಡಬೇಕು ಎಂಬುದಕ್ಕೇ ಅಲ್ಲೊಂದು ಅಧ್ಯಾಯವಿತ್ತು. ಗೆಲ್ಲುವ ವಿದ್ಯೆ ಕಲಿಸುವವರು ಬೀದಿಗೊಬ್ಬರಿದ್ದಾರೆ, ಮರ್ಯಾದೆಯಿಂದ ಸೋಲುವುದನ್ನು ಕಲಿಸುವವರು ಎಲ್ಲಿ ಸಿಗುತ್ತಾರೆ ಎಂದುಕೊಂಡು ಆ ಅಧ್ಯಾಯವನ್ನು ಮೂರು ಸಲ ತಿದ್ದಿದೆ.

ಹೀಗಿರುವಾಗ ಒಂದು ದೇಶದ ಸಣ್ಣ ಊರಿನಲ್ಲಿ ನಾಲ್ಕು ಭಾನುವಾರ ನಡೆದ ತರಬೇತಿಯ ವರದಿ ನನ್ನ ಕೈಗೆ ಬಂತು. ಯಾವ ದೇಶ, ಯಾವ ಊರು ಎಂದು ಕೇಳಬೇಡಿ. ಹೆಸರು ಹೇಳಿ ಕೆಟ್ಟವಳು ನಾನು, ಇನ್ನೊಮ್ಮೆ ಹೇಳಲಾರೆ.

ವರದಿ ಒಣಒಣವಾಗಿತ್ತು: ಇಷ್ಟು ಜನ ಬಂದರು, ಇಂಥ ವಿಷಯ ಚರ್ಚಿಸಿದರು. ಓದಿ ಮುಗಿಸಿದಾಗ ನನಗೆ ಏನೋ ಕೊರತೆ ಎನಿಸಿತು. ವಂದನಾರ್ಪಣೆಯೇ ಇರಲಿಲ್ಲ. ಅಲ್ಲಿ ಕುರ್ಚಿ ಹಾಕಿದವರು ಯಾರೋ, ಬಾಗಿಲು ತೆರೆದವರು ಯಾರೋ, ಒಂದು ಸಾಲಿನ ಸ್ಮರಣೆಯೂ ಇಲ್ಲದೆ ವರದಿ ಮುಗಿದಿತ್ತು. ನನ್ನ ಕೈ ಸುಮ್ಮನಿರಲಿಲ್ಲ. ಅಲ್ಲಿ ತರಬೇತಿ ನಡೆಸಿಕೊಟ್ಟಿದ್ದ ನಮ್ಮ ಸಹೋದ್ಯೋಗಿಗೆ ಫೋನು ಮಾಡಿ, ನೆರವಾದವರ ಹೆಸರೆಲ್ಲ ಹೇಳಪ್ಪ ಎಂದು ಕೇಳಿದೆ. ಆತ ಆಗಲೇ ಆ ದೇಶ ಬಿಟ್ಟು ಬಂದಿದ್ದ. ನೆನಪು ಮಾಡಿಕೊಳ್ಳುತ್ತ, ಖುಷಿಯಿಂದಲೇ, ಒಂದೊಂದಾಗಿ ಏಳು ಹೆಸರು ಹೇಳಿದ. ಅವರಲ್ಲಿ ಕೊನೆಯವರು ಆ ಊರಿನ ಗ್ರಂಥಾಲಯದ ಗ್ರಂಥಪಾಲಕಿ. ರಜೆಯ ದಿನ ವಾಚನಾಲಯದ ಬೀಗ ತೆಗೆದುಕೊಟ್ಟು, ಮನೆಯಿಂದ ಗಿಣ್ಣಿನ ಕಡುಬಿನಂಥದೇನೋ ತಿಂಡಿ ಮಾಡಿ ತಂದು, ತರಗತಿ ಮುಗಿಯುವ ತನಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರಂತೆ. ಎರಡನೆಯ ಭಾನುವಾರ ಅವರೇ ಕೈ ಎತ್ತಿ, ಗ್ರಂಥಾಲಯದ ಸಮಿತಿಗೂ ಚುನಾವಣೆ ನಡೆಸಬಹುದಲ್ಲವೇ ಎಂದು ಕೇಳಿದ್ದರಂತೆ. ತರಬೇತಿಯ ವಿಡಿಯೊ ಕರೆಯೊಂದರಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ, ಒಮ್ಮೆ ಅವರನ್ನು ನಾನು ನೋಡಿದ್ದೂ ನೆನಪಾಯಿತು: ತರಗತಿಯ ಹಿಂದೆ ತಟ್ಟೆ ಹಿಡಿದು ನಿಂತ, ನರೆಗೂದಲ, ಕಂದು ಸ್ವೆಟರಿನ ಹೆಂಗಸು.

ನಾನು ಬರೆದೆ. ಹೆಸರು, ಊರು, ಭಾನುವಾರ, ವಾಚನಾಲಯ, ತಿಂಡಿ, ಒಂದೂ ಬಿಡದೆ ಬರೆದೆ. ಏಳು ಜನರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬರೆದು ಮುಗಿಸಿ ಬಸ್ಸಿನಲ್ಲಿ ಮನೆಗೆ ಬರುವಾಗ ಮನಸ್ಸಿಗೆ ಹಿತವಾಗಿತ್ತು. ಆ ಪುಟವನ್ನು ಆಮೇಲೆ ನಾಲ್ಕು ಜನ ಓದಿದರು, ಯಾರಿಗೂ ಏನೂ ಅನಿಸಲಿಲ್ಲ. ಕಚೇರಿಯೊಳಗೆ ಉಳಿಯಬೇಕಾಗಿದ್ದ ಆ ವರದಿ ಕೆಲವು ತಿಂಗಳ ಬಳಿಕ ಪ್ರತಿಷ್ಠಾನದ ಜಾಲತಾಣಕ್ಕೂ ಏರಿತು, ಏಕೆಂದರೆ ಅವರ ದೇಶದಲ್ಲಿ ಸಾರ್ವಜನಿಕ ಹಣದಿಂದ ಮಾಡಿದ ಕೆಲಸವನ್ನು ಜನರೆದುರು ತೆರೆದಿಡಬೇಕೆಂಬ ನಿಯಮವಿದೆ. ಪಾರದರ್ಶಕತೆ, ಅದನ್ನೇ ಅಲ್ಲವೇ ನಾವು ಊರೂರಿಗೆ ಕಲಿಸುತ್ತಿದ್ದದ್ದು.

ಒಂದು ಮಂಗಳವಾರ ಬೆಳಿಗ್ಗೆ, ಇನ್ನೂ ಕೋಟು ಬಿಚ್ಚಿರಲಿಲ್ಲ, ಕಚೇರಿಯ ಮುಖ್ಯಸ್ಥೆ ಹನ್ನಾ ನನ್ನನ್ನು ತನ್ನ ಕೋಣೆಗೆ ಕರೆದಳು. ಪರದೆಯ ಮೇಲೆ ಆ ದೇಶದ ಸರ್ಕಾರಿ ಟಿವಿಯ ಸುದ್ದಿ ಓಡುತ್ತಿತ್ತು. ಸುದ್ದಿ ಓದುವವನ ಭುಜದ ಹಿಂದೆ ಒಂದು ಪುಟವನ್ನು ದೊಡ್ಡದು ಮಾಡಿ ತೋರಿಸಿದ್ದರು. ಭಾಷೆ ನನಗೆ ತಿಳಿಯದು, ಆದರೆ ಪುಟ ಇಂಗ್ಲಿಷಿನಲ್ಲಿತ್ತು, ಅದರಲ್ಲಿನ ಒಂದೊಂದು ಅಲ್ಪವಿರಾಮವೂ ನನ್ನದು. ಹೃತ್ಪೂರ್ವಕ ಎಂಬರ್ಥದ ಇಂಗ್ಲಿಷ್ ಪದದ ಕೆಳಗೆ ಕೆಂಪು ಗೆರೆ ಎಳೆದಿದ್ದರು. ವಿದೇಶಿ ಪಕ್ಷಗಳ ನೆರವು ಪಡೆದು ರಾಜಕೀಯ ಚಟುವಟಿಕೆ ನಡೆಸುವುದು ಅಪರಾಧ ಎಂದು ಅಲ್ಲಿ ಹೊಸ ಕಾನೂನು ಬಂದಿದೆ, ಹಿಂದೆ ನಡೆದದ್ದಕ್ಕೂ ಅದು ಅನ್ವಯಿಸುತ್ತದೆ, ಪೊಲೀಸರಿಗೆ ಪಟ್ಟಿ ಬೇಕಾಗಿತ್ತು, ಸಿಕ್ಕಿತು ಎಂದು ಹನ್ನಾ ತಗ್ಗಿದ ದನಿಯಲ್ಲಿ ವಿವರಿಸಿದಳು. ಏಳರಲ್ಲಿ ಆರು ಜನ ದೇಶ ಬಿಟ್ಟಾಗಿತ್ತು. ಉಳಿದವರು ಒಬ್ಬರೇ. ಅವರನ್ನು ಕೆಲಸದಿಂದ ತೆಗೆದುಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಮೊಕದ್ದಮೆ ಹೂಡಿದ್ದರು. ಶಿಕ್ಷೆಯಾದರೆ ಜೈಲು.

ನಾನು ಕೋಟಿನ ಗುಂಡಿ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದೆನಂತೆ. ತಪ್ಪು ನಮ್ಮೆಲ್ಲರದೂ ಎಂದು ಹನ್ನಾ ಹೇಳಿದಳು, ಜಾಲತಾಣಕ್ಕೆ ಏರಿಸಿದ್ದು ಕಚೇರಿ, ನೀನಲ್ಲ ಎಂದಳು. ಆ ಮಾತು ನಿಜ. ಆದರೆ ನಾನು ಕೇಳಿರದಿದ್ದರೆ ಆ ಹೆಸರುಗಳು ಯಾರ ಬಾಯಿಂದಲೂ ಹೊರಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮನೆಗೆ ಬಂದು ಮೇಜಿನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಕಾಲೇಜಿನಿಂದ ಬಂದಿದ್ದ ಮಗಳು "ಅಮ್ಮಾ, ಯು ಡಾಕ್ಸ್‌ಡ್ ಹರ್" ಎಂದಳು. ಆ ಪದ ನಾನು ಕೇಳಿರಲಿಲ್ಲ. ಯಾರ ಹೆಸರು ವಿಳಾಸವನ್ನಾದರೂ ಅವರಿಗೆ ಕೇಡು ಬಯಸುವವರ ಕೈಗೆ ಸಿಗುವಂತೆ ಬಯಲಿಗಿಡುವುದಕ್ಕೆ ಹಾಗೆನ್ನುತ್ತಾರೆಂದು ಅವಳೇ ಬಿಡಿಸಿ ಹೇಳಿದಳು. ಹಗೆ ಇದ್ದವರು ಮಾಡುವ ಕೆಲಸಕ್ಕೆ ಇಟ್ಟ ಹೆಸರು ಅದು. ನಾನು ಅದೇ ಕೆಲಸವನ್ನು ಕೈಮುಗಿದು ಮಾಡಿದ್ದೆ.

ನನ್ನ ಅಜ್ಜಿ ತನ್ನ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದಳು. ಮದುವೆಮನೆಗಳಲ್ಲಿ ಒಗಟು ಹಾಕಿ ಹೆಸರು ಹೇಳಿಸುವಾಗಲೂ ಒಗಟಿನ ಬಾಲ ನುಂಗಿಬಿಡುತ್ತಿದ್ದಳು, ನಾವು ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದೆವು. ಓದಿದ ಮೇಲೆ ಅದು ಹೆಂಗಸರ ಬಾಯಿ ಕಟ್ಟುವ ಹುನ್ನಾರವೆಂದು ವಾದಿಸಿದವಳೂ ನಾನೇ, ಆ ವಾದವನ್ನು ಇವತ್ತೂ ಬಿಟ್ಟುಕೊಡುವುದಿಲ್ಲ. ಹೆಸರು ಹೇಳುವುದು ಮರ್ಯಾದೆ, ಮರೆಸುವುದು ಅನ್ಯಾಯ. ಕಸ ಗುಡಿಸಿದವರ ಹೆಸರೂ ಮೈಕಿನಲ್ಲಿ ಕೇಳಬೇಕು ಎಂಬುದೇ ನನ್ನ ಪ್ರಜಾಪ್ರಭುತ್ವ. ಆದರೆ ನಾನು ಬೆಳೆದದ್ದು ಹೆಸರು ಬಿಟ್ಟರೆ ಮಾತ್ರ ಮುನಿಸಾಗುವ ಲೋಕದಲ್ಲಿ. ಹೆಸರು ಹೇಳಿದರೆ ಮನೆಬಾಗಿಲಿಗೆ ಪೊಲೀಸರು ಬರುವ ಲೋಕವೂ ಒಂದಿದೆ, ನಾನು ದಿನಾ ತಿದ್ದುತ್ತಿದ್ದ ಪಾಠಗಳೆಲ್ಲ ಆ ಲೋಕಕ್ಕೇ ಹೋಗುತ್ತಿದ್ದವು ಎಂಬುದು ಅಷ್ಟು ವರ್ಷ ಆ ಕೆಲಸ ಮಾಡಿದ ನನಗೆ ಹೊಳೆದಿರಲಿಲ್ಲ. ಎಷ್ಟು ಸುರಕ್ಷಿತವಾಗಿ ಬದುಕಿದ್ದೆ ಎಂಬುದು ನನ್ನನ್ನು ಇನ್ನೂ ಬೆಚ್ಚಿಬೀಳಿಸುತ್ತದೆ.

ಎರಡು ವಾರದ ನಂತರ ಅಲ್ಲಿ ಗ್ರಂಥಪಾಲಕಿಯ ಪರ ನಿಂತ ವಕೀಲರಿಂದ ಒಂದು ಸೂಚನೆ ಬಂತು. ಆ ಪುಟ ಬರೆದವರೇ ಒಂದು ಅಫಿಡವಿಟ್ ಕೊಟ್ಟರೆ ಉಪಯೋಗವಾಗಬಹುದು. ಹೀಗೆ ಕೃತಜ್ಞತೆ ಹೇಳುವುದು ಬರೆದವರ ನಾಡಿನ ಒಂದು ಔಪಚಾರಿಕ ಪದ್ಧತಿ, ಹೆಸರಿಸಿದವರಿಗೂ ಕಾರ್ಯಕ್ರಮಕ್ಕೂ ನಂಟು ಇದೆಯೆಂದು ಅದರಿಂದ ಸಾಬೀತಾಗುವುದಿಲ್ಲ ಎಂದು ಪ್ರಮಾಣ ಮಾಡಬೇಕು. ಆಗ ನನಗೆ ನಗು ಬಂತೆಂದರೆ ನೀವು ನಂಬುತ್ತೀರಾ? ವಂದನಾರ್ಪಣೆ ಎಂದರೇನೆಂದು ಎಲ್ಲಿಯದೋ ಒಂದು ನ್ಯಾಯಾಲಯಕ್ಕೆ ನಾನು ತಿಳಿಸಿ ಹೇಳಬೇಕಾಗಿತ್ತು. ಕೂತು ಬರೆದೆ. ನಮ್ಮಲ್ಲಿ ಸಭೆಗೆ ಬಾರದವರಿಗೂ ವಂದನೆ ಹೇಳುತ್ತೇವೆ, ಸಭೆ ಕೆಡಿಸಿದವರಿಗೂ ಹೇಳುತ್ತೇವೆ, ಹೆಸರು ಹೇಳದಿದ್ದರೆ ಬೇಸರಿಸಿಕೊಳ್ಳುತ್ತಾರೆಂಬ ಭಯಕ್ಕೇ ಬಹುಪಾಲು ಹೆಸರು ಹೇಳುತ್ತೇವೆ, ಆದ್ದರಿಂದ ಮಾನ್ಯರೇ, ಈ ಪುಟಕ್ಕೆ ಅರ್ಥವಿಲ್ಲ. ಬರೆಯುತ್ತ ಹೋದಂತೆ ನಗು ಆರಿತು. ಅದರಲ್ಲಿ ಪೂರ್ತಿ ಸುಳ್ಳೆನ್ನುವ ಮಾತು ಒಂದೂ ಇರಲಿಲ್ಲ, ಅದೇ ನನ್ನನ್ನು ಚುಚ್ಚಿತು.

ಸುಳ್ಳು ಇದ್ದದ್ದು ವಕೀಲರು ಸೇರಿಸಿ ಕಳಿಸಿದ ಮೂರನೆಯ ಅಂಶದಲ್ಲಿ. ಬೀಗದ ಕೈ ತಮ್ಮ ಬಳಿ ಇದ್ದುದರಿಂದ ಮಾತ್ರ ಈ ಮಹಿಳೆ ಬಾಗಿಲು ತೆರೆದರು, ಒಳಗೆ ನಡೆಯುವುದೇನೆಂದು ಅವರಿಗೆ ಗೊತ್ತಿರಲಿಲ್ಲ ಎಂದಿತ್ತು. ಅವರು ಕೈ ಎತ್ತಿ ಕೇಳಿದ ಪ್ರಶ್ನೆ ನನಗೆ ಗೊತ್ತಿತ್ತು. ಆದರೂ ಒಂದು ಶನಿವಾರ ಓಕ್ ಟ್ರೀ ರೋಡಿಗೆ ಹೋಗಿ, ಪಾಸ್‌ಪೋರ್ಟ್ ಫೋಟೋ ತೆಗೆಯುವ ಅಂಗಡಿಯ ಮೂಲೆಯಲ್ಲಿ ನೋಟರಿಯಾಗಿಯೂ ಕೂರುವ ಗುಜರಾತಿ ಅಂಕಲ್ ಮುಂದೆ ಬಲಗೈ ಎತ್ತಿ, ಎಲ್ಲವೂ ನಿಜ ಎಂದು ಹೇಳಿ ಸಹಿ ಹಾಕಿದೆ. ಒಬ್ಬರ ಉಪಕಾರವನ್ನು ನೆನೆದು ಅವರಿಗೆ ಕೇಡು ಮಾಡಿದ್ದೆ, ಈಗ ಅದನ್ನು ಅಲ್ಲಗಳೆದು ಅವರನ್ನು ಉಳಿಸುತ್ತೇನೆ ಎಂದುಕೊಂಡೆ. ಹೊರಗೆ ಬಂದಾಗ ಬೀದಿಯ ತುಂಬ ಸೀರೆ ಕೊಳ್ಳುವವರು, ಚಾಟ್ ತಿನ್ನುವವರು. ನಮ್ಮವರು ಕಾರಿನಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಕಾಯುತ್ತಿದ್ದರು. ಅಫಿಡವಿಟ್ಟು ಸೋಮವಾರವೇ ಹೊರಟಿತು.

ಹನ್ನೆರಡು ದಿನಗಳಲ್ಲಿ ಅದು ತಿರುಗಿ ಬಂತು. ಹನ್ನಾ ನಕಲನ್ನು ನನ್ನ ಮೇಜಿನ ಮೇಲಿಟ್ಟಳು. ಮೊದಲೆರಡು ಅಂಶಗಳು ಹಾಗೇ ಇದ್ದವು. ಮೂರನೆಯದರ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದಿತ್ತು, ಅಳತೆಪಟ್ಟಿ ಇಟ್ಟು ಎಳೆದ ನೇರ ಗೆರೆ. ಅದರ ಮೇಲೆ ಆ ದೇಶದ ಲಿಪಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ, ಒಂದು ಸಾಲು. ಏನಿದು ಎಂದು ಕೇಳಿದೆ. ಹನ್ನಾ ಬೆರಳಿಟ್ಟು ಓದಿ ಹೇಳಿದಳು.

"ನನಗೆ ಗೊತ್ತಿತ್ತು. ಅವರನ್ನು ನಮ್ಮ ಊರಿಗೆ ಕರೆದದ್ದೇ ನಾನು."

ಟಿವಿಯ ಮೇಲೆ ನನ್ನ ಪುಟ ಕಂಡ ದಿನವೂ ನಾನು ಹೀಗೆ ತತ್ತರಿಸಿರಲಿಲ್ಲ. ಯಾರು ಕರೆದರು ಇವರನ್ನು ಎಂದು ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಕೇಳಿಕೊಂಡಿದ್ದೆನಲ್ಲ, ಕರೆದವರು ಇವರು. ನಮ್ಮ ಸಹೋದ್ಯೋಗಿಗೆ ಫೋನು ಮಾಡಿದಾಗ ಆತ ಒಪ್ಪಿಕೊಂಡ. ಮೊದಲ ಪತ್ರ ಬರೆದದ್ದು ಅವರೇ, ಊರಿನ ಜನರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿದ್ದು ಅವರೇ, ಆ ಸಂಗತಿಯನ್ನು ಮರೆಮಾಚುವುದಕ್ಕೇ ನಿನಗೆ ಬೀಗ ತೆಗೆದವರು, ತಿಂಡಿ ತಂದವರು ಎಂದು ಹೇಳಿದ್ದೆ ಎಂದ. ಅಷ್ಟು ಮುಚ್ಚಿದರೆ ಸಾಕೆಂದು ಆತ ಎಣಿಸಿದ್ದನಂತೆ. ನಾನೋ, ಆ ತಟ್ಟೆ ಹಿಡಿದ ಹೆಂಗಸನ್ನು ಬರೀ ಬಾಗಿಲು ತೆರೆದ ಪಾಪದವಳೆಂದುಕೊಂಡು, ಏಳನೆಯವಳಾಗಿ ನೆನೆದು, ಕಣ್ಣೀರು ಹಾಕಿ, ಕೊನೆಗೆ ಆಕೆಗೆ ಏನೂ ಗೊತ್ತಿರಲಿಲ್ಲವೆಂದು ಆಣೆಯನ್ನೂ ಮಾಡಿದ್ದೆ. ನಕಲಿನ ಜೊತೆ ವಕೀಲರ ಪತ್ರವೂ ಬಂದಿತ್ತು: ಹೀಗೆ ಬರೆದರೆ ಶಿಕ್ಷೆ ಹೆಚ್ಚಾಗಬಹುದೆಂದು ತಾನು ಎಷ್ಟು ಹೇಳಿದರೂ ಆಕೆ ಕೇಳುತ್ತಿಲ್ಲ, ಮೂರನೆಯ ಅಂಶವಿರುವ ಯಾವ ಕಾಗದವನ್ನೂ ಕೋರ್ಟಿಗೆ ಕೊಡಬಾರದೆಂದು ಹಟ ಹಿಡಿದಿದ್ದಾರೆ, ತಿದ್ದಿ ಬರೆದು ಮತ್ತೆ ಸಹಿ ಮಾಡಿ ಕಳಿಸುವಿರಾ ಎಂದು ಕೇಳಿದ್ದರು.

ಮೂರು ದಿನ ನಾನು ಏನೂ ಕಳಿಸಲಿಲ್ಲ. ಕಳಿಸದೆ ತಡ ಮಾಡಿದರೆ ಆಕೆ ಮನಸ್ಸು ಬದಲಿಸಿಯಾರು ಎಂಬ ಆಸೆ. ಆಕೆಗೆ ಬುದ್ಧಿ ಹೇಳಿ ಒಂದು ಪತ್ರವನ್ನೂ ಬರೆದೆ: ಹೊರಗಿದ್ದರೆ ತಾನೇ ಹೋರಾಟ, ಒಂದು ಸಾಲಿಗೋಸ್ಕರ ಜೀವ ಸವೆಸಬೇಡಿ ಎಂದು. ಶನಿವಾರ ಬೆಳಿಗ್ಗೆ ಅದನ್ನು ನಮ್ಮವರಿಗೆ ಓದಿ ತೋರಿಸಿದೆ. ಯಾವಾಗಲೂ ಛೇಡಿಸುವ ಮನುಷ್ಯ ಅಂದು ಚಹಾದ ಕಪ್ಪು ಕೆಳಗಿಟ್ಟು ಕೊನೆತನಕ ಕೇಳಿಸಿಕೊಂಡರು.

"ಆಕಿ ತನ್ನ ವೋಟು ಹಾಕ್ಯಾಳ," ಎಂದರು. "ನಿನ್ನ ಕೆಲಸ ಎಣಸೂದು. ತಿದ್ದೂದಲ್ಲ."

ಪತ್ರವನ್ನು ಹರಿದೆ. ಹೊಸ ಅಫಿಡವಿಟ್ಟಿನಲ್ಲಿ ವಂದನಾರ್ಪಣೆಯ ಪದ್ಧತಿಯ ಬಗ್ಗೆ ಬರೆದದ್ದನ್ನೆಲ್ಲ ತೆಗೆದುಹಾಕಿದೆ. ಉಳಿದದ್ದು ಇಷ್ಟೇ: ಈ ಪುಟವನ್ನು ಬರೆದವಳು ನಾನು, ಯಾರನ್ನೂ ಕೇಳದೆ ಇವರ ಹೆಸರನ್ನು ಅದರಲ್ಲಿ ಹಾಕಿದ್ದು ನನ್ನ ತಪ್ಪು, ಇವರನ್ನು ಏಳನೆಯವರಾಗಿ ಹೆಸರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು, ಇವರ ಸ್ಥಾನ ಮೊದಲನೆಯದು. ಗುಜರಾತಿ ಅಂಕಲ್ ಕನ್ನಡಕ ಏರಿಸಿಕೊಂಡು, ಇದರಲ್ಲಿರುವುದೆಲ್ಲ ನಿಜ ತಾನೇ ಎಂದು ರೂಢಿಯಂತೆ ಕೇಳಿದರು. ಹೌದೆಂದೆ. ಸಹಿ ಹಾಕಿದೆ. ವಿಚಾರಣೆ ಬರುವ ತಿಂಗಳು ಇದೆ. ನಾನು ಬರೆದ ಆ ಕೊನೆಯ ಸಾಲಿಗೆ ಆಕೆಗೆ ಎಷ್ಟು ವರ್ಷ ಜೈಲು ಆಗಬಹುದೆಂದು ಹನ್ನಾಳನ್ನು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.